ಕೋಣೆಯ ಸದ್ದು

ಯಾರೂ ಮಾತಾಡಬೇಡಿ, ಒಂದೇ ನಿಮಿಷ.
ಪ್ರತಿ ಕೋಣೆಗೂ ಅದರದೇ ಒಂದು ಸುಮ್ಮನಿರುವಿಕೆ ಇರುತ್ತದೆ,
ಅದನ್ನು ಹಿಡಿದಿಟ್ಟುಕೊಳ್ಳದೆ ನನ್ನ ಕೆಲಸ ಮುಗಿಯುವುದಿಲ್ಲ.
ಮಾತು ಕತ್ತರಿಸಿದ ಕಡೆ ಅದರಿಂದ ತೇಪೆ ಹಾಕಬೇಕು,
ಇಲ್ಲದಿದ್ದರೆ ನೋಡುವವರ ಕಿವಿ
ಕತ್ತಲಲ್ಲಿ ಮೆಟ್ಟಿಲು ತಪ್ಪಿದ ಕಾಲಿನ ಹಾಗೆ
ಧಸಕ್ಕೆನ್ನುತ್ತದೆ.

ಪೇರೇಸಂದ್ರ ದಾಟಿ ಎಡಕ್ಕೆ,
ಶಾಲೆಗೆಂದು ಏಳುತ್ತಿರುವ ಮಣ್ಣಿನ ಕಟ್ಟಡ.
ಅಲ್ಲೇ ಅಗೆದ ಕೆಮ್ಮಣ್ಣು, ನೂರಕ್ಕೆ ಆರು ಪಾಲು ಸಿಮೆಂಟು,
ಕೈಮಿಷನ್ನಿನಲ್ಲಿ ಒತ್ತಿ, ಗೋಣಿತಾಟು ಹೊದಿಸಿ
ಇಪ್ಪತ್ತೊಂದು ದಿನ ಬಾಣಂತಿಯ ಹಾಗೆ ನೋಡಿಕೊಂಡ ಇಟ್ಟಿಗೆ.
ಒಂದು ಕಡ್ಡಿ ಸೌದೆ ಸುಟ್ಟಿಲ್ಲ
(ಸಿಮೆಂಟಿನದು ಬೇರೆ ಲೆಕ್ಕ).
ಇದು ಎಸ್ತರಳ ಚಿತ್ರದ ಮೊದಲ ವಾಕ್ಯ.
ಈ ವಾಕ್ಯಕ್ಕೆ ಬೆಳಕು ಹಿಡಿಯಲು ನಾವು ತಂದ ಜನರೇಟರು
ಬೆಳಗಿನಿಂದ ಹದಿನೆಂಟು ಲೀಟರು ಡೀಸೆಲ್ಲು ಕುಡಿದಿದೆ.
ಅದನ್ನೂ ಹಾಕೋಣವೇ ಚಿತ್ರದಲ್ಲಿ, ಎಂದೆ.
ಅವಳು ನಗಲಿಲ್ಲ. ಬರೆದುಕೊಂಡಳು.

ಮಗ್ಗುಲಿಗೇ ಬಡಾವಣೆ.
ಹೋದ ವರ್ಷ ದ್ರಾಕ್ಷಿ ಚಪ್ಪರದ ಕಲ್ಲುಕೂಚಗಳಿದ್ದ ಸಾಲಿನಲ್ಲಿ
ಈಗ ಕಂಬಿಯ ಕೂದಲು ಕೆದರಿಕೊಂಡು ನಿಂತ ಪಿಲ್ಲರುಗಳು,
ತಿಂಗಳಿಗೆ ಮೂರು ಮಹಡಿ.
ತೋಳಿನ ಮೇಲೆ ಚೀನೀ ಅಕ್ಷರ ಹೊತ್ತ ಹಳದಿ ಯಂತ್ರವೊಂದು
ಬಂಡೆ ಕುಟ್ಟುತ್ತದೆ ದಿನವಿಡೀ.
ಏನು ಬರೆದಿದೆಯೋ ಡ್ರೈವರನಿಗೂ ತಿಳಿಯದು.
‘ನಿಧಾನ ಅಂತಿರಬೇಕು ಸಾರ್’ ಎಂದು ಬೀಡಿ ಹಚ್ಚಿದ.
ಎರಡು ಗಂಟೆಗೆ ಕ್ವಾರಿಯಲ್ಲಿ ಮದ್ದು ಸಿಡಿದಾಗ
ಮಣ್ಣಿನ ಗೋಡೆ ಅಲುಗಲಿಲ್ಲ,
ಕ್ಯಾಮೆರಾ ಅಲುಗಿತು.

ಶಾಲೆಯ ಕೋಣೆಯ ಆ ಒಂದು ನಿಮಿಷ
ನಾಲ್ಕು ಸಲ ಹಿಡಿದೆ.
ನಾಲ್ಕರಲ್ಲೂ ಯಂತ್ರ ಬಂದು ಕೂತಿತ್ತು.

ನಾರೆಪ್ಪ ಮೇಸ್ತ್ರಿಯ ಅಂಗಿಗೆ ಮೈಕು ಸಿಕ್ಕಿಸಿದೆ.
ಮೂವತ್ತು ವರ್ಷದ ಸುಣ್ಣ ಸಿಮೆಂಟು ಎದೆಯಲ್ಲಿ ಗೊರಗೊರ.
‘ಈ ಗೋಡೆ ಉಸಿರಾಡುತ್ತದೆ’ ಎಂದ, ಹೇಳಿಕೊಟ್ಟ ಹಾಗೆ.
ಆಮೇಲೆ ತನ್ನ ಬಾಯಲ್ಲಿ:
‘ಕೈ ಇಕ್ಕಿ ನೋಡಿ, ಎಮ್ಮೆ ಹೊಟ್ಟೆ ಇದ್ದಂಗೈತೆ.’

ನಿಮ್ಮ ಮನೆಯೂ ಹೀಗೇನಾ, ಎಂದಳು ಎಸ್ತರ್.

ಕರಣೆಗೆ ಅಂಟಿದ್ದನ್ನು ಹೆಬ್ಬೆರಳಲ್ಲಿ ಕೆರೆದ.
‘ನಮ್ದು ಮೋಲ್ಡು ಮನೆ ಕಣಮ್ಮಾ. ಮೊನ್ನೆ ಯುಗಾದಿಗೆ ಹಾಕಿಸಿದ್ದು.
ಮಣ್ಣು ಅಂದ್ರೆ ನಮ್ಮೋಳು ಒಪ್ಪಕಿಲ್ಲ.
ಅವಳ ತಮ್ಮ ಗೋಡೆ ಕೆಳಗೇ ಹೋದ, ಮಳೇಲಿ.
ಇದು ಅಂಗಾಗಕಿಲ್ಲ ಅಂತ ನಂಗೊತ್ತು.
ಅವಳಿಗೆ ಯೆಂಗೆ ಹೇಳ್ಲಿ?’

ಸಂಜೆ ಅವನ ಮನೆಯಲ್ಲಿ ಟೀ.
ಹಗಲೆಲ್ಲ ಕುಡಿದ ಬಿಸಿಲನ್ನು ತಾರಸಿ ನಮ್ಮ ನೆತ್ತಿಗೆ ಕಕ್ಕುತ್ತಿತ್ತು.
ವೆಂಕಟರವಣಮ್ಮ ಫ್ಯಾನು ನಮ್ಮ ಕಡೆಗೆ ತಿರುಗಿಸಿ
ಸೆರಗಲ್ಲಿ ಕತ್ತು ಒರೆಸಿಕೊಳ್ಳುತ್ತಲೇ
ಗೋಡೆ ತಟ್ಟಿ ತಟ್ಟಿ ತೋರಿಸಿದಳು,
ಸಂತೆಯಲ್ಲಿ ಕೊಂಡ ಮಡಕೆಯನ್ನು
ಓರಗಿತ್ತಿಗೆ ತೋರಿಸುವಂತೆ.
ಎಸ್ತರ್ ಲೆನ್ಸಿನ ಮುಚ್ಚಳ ತೆಗೆಯಲಿಲ್ಲ.
ನಾನೇ, ಅಭ್ಯಾಸಬಲದಿಂದ,
ಯಾರೂ ಮಾತಾಡಬೇಡಿ, ಒಂದೇ ನಿಮಿಷ, ಎಂದೆ.
ಯಾಕೆಂದು ಕೇಳದೆ ಅವರು ಕೈಕಟ್ಟಿ ನಿಂತರು,
ಯಾರೋ ತೀರಿಕೊಂಡಿದ್ದಾರೆ ಅಂದುಕೊಂಡರೋ ಏನೋ.

ಮೂರು ತಿಂಗಳ ಮೇಲೆ ಎಡಿಟಿಂಗ್.
‘ಉಸಿರಾಡುತ್ತದೆ’ ಎಂಬ ಮಾತಿಗೂ ‘ಎಮ್ಮೆ ಹೊಟ್ಟೆ’ಗೂ ನಡುವೆ
ಒಂದು ಕೆಮ್ಮು ಕಿತ್ತು ಹಾಕಿದ ತೂತು.
ಮುಚ್ಚಲು ಶಾಲೆಯ ಮೌನ ನನ್ನ ಹತ್ತಿರ ಇರಲಿಲ್ಲ.
ಇದ್ದ ಮೌನ ಒಂದೇ.
ಅದನ್ನೇ ಅಳತೆಗೆ ಕತ್ತರಿಸಿ ಹೊಲಿದೆ.

ಎಸ್ತರಳಿಗೆ ಹೇಳಿಲ್ಲ.
ಕಿವಿ ಚುರುಕಿದ್ದವರು ಕೇಳಿಸಿಕೊಂಡಾರು,
ಮಣ್ಣಿನ ಗೋಡೆಯ ಮೇಲೆ ನಾರೆಪ್ಪನ ಅಂಗೈ ಹರಿಯುವಾಗ
ಕಟ ಕಟ ತಿರುಗುವ ಒಂದು ಫ್ಯಾನು.
ಆ ಕಟ್ಟಡದಲ್ಲಿ ಫ್ಯಾನೇ ಇಲ್ಲ.